ಬೀರುವಿನ ಹಿಂದಿನ ಗೋಡೆ

ಅವನ ಮನೆಯ ನೆಲವನ್ನು ಬೇರೊಬ್ಬ ಬಡಿದು ನೋಡುತ್ತಿದ್ದ. ಅಡುಗೆಮನೆಯಿಂದ ಬರುತ್ತಿದ್ದ ಟಕ್ ಟಕ್ ಸದ್ದನ್ನು ಅವನು ನಡುಮನೆಯ ಕುರ್ಚಿಯಲ್ಲಿ ಕೂತು, ಮಡಿಲಲ್ಲೊಂದು ಪತ್ರಿಕೆ ಬಿಚ್ಚಿಟ್ಟುಕೊಂಡು, ಹಿಂಬಾಲಿಸುತ್ತಿದ್ದ. ಈಗ ಸಿಂಕಿನ ಕೆಳಗೆ. ಈಗ ಒಲೆಯ ಕಟ್ಟೆಯ ಮುಂದೆ. ಬಾಗಿಲ ಹತ್ತಿರದ ಎರಡು ಟೈಲ್ಸ್ ಟೊಳ್ಳು, ಅಲ್ಲಿ ಸದ್ದು ಬದಲಾಗಬೇಕು. ಬದಲಾಯಿತು. ಆಮೇಲೆ ಒಂದು ಸಾಲು ಬರೆಯುವಷ್ಟು ಹೊತ್ತು ಮೌನ. ಸರಿಯಾಗಿ ನೋಡುತ್ತಿದ್ದಾನೆ ಎಂದು ಅವನಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಭಯವಾಯಿತು. ಮಾರಾಟಕ್ಕಿರುವ ಮನೆಗಳನ್ನು ತಪಾಸಣೆ ಮಾಡಿ, ಎಲ್ಲಿ ಏನು ಕೆಟ್ಟಿದೆ ಎಂದು ವರದಿ ಬರೆದುಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಸಾವಿರ ಮನೆಗಳ ನೆಲ ಬಡಿದಿರಬಹುದು. ನೆಲ ಬಡಿಸಿಕೊಳ್ಳುವವನ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಮಾರುವವರು ಆ ಹೊತ್ತಿನಲ್ಲಿ ಯಾಕೆ ಪತ್ರಿಕೆ ಹಿಡಿದು ಕೂರುತ್ತಾರೆ ಎಂದು ಕೆಲಸ ಕಲಿಯುವ ಹುಡುಗರಿಗೆ ತಮಾಷೆ ಮಾಡಿ ಹೇಳುತ್ತಿದ್ದ: ‘ಪತ್ರಿಕೆ ಹಿಡ್ಕೊಂಡೋನ ಕಣ್ಣು ಯಾವ ಬಾಗಿಲ ಕಡೆ ಹೋಗುತ್ತೋ, ಆ ರೂಮನ್ನ ಎರಡು ಸಲ ನೋಡು.’ ಅವನು ಬಲವಂತವಾಗಿ ಕಣ್ಣನ್ನು ಪತ್ರಿಕೆಗೆ ತಂದ. ಹೋದ ತಿಂಗಳಿನದು.

ಬಡಿಯುತ್ತಿದ್ದವನು ಕಡ್ಡಿ. ಬೇರೆ ಹೆಸರಿತ್ತು, ಆದರೆ ಕೆಲಸ ಕಲಿಯಲು ಬಂದ ದಿನ ಅವನ ಮೈಕಟ್ಟು ನೋಡಿ ಇವನಿಟ್ಟ ಹೆಸರೇ ಆರು ವರ್ಷ ಉಳಿದಿತ್ತು. ಈಗ ಕಡ್ಡಿಗೆ ಸ್ವಂತ ಕಚೇರಿಯಿತ್ತು, ಸ್ವಲ್ಪ ಹೊಟ್ಟೆಯೂ ಬಂದಿತ್ತು. ಮನೆ ಕೊಳ್ಳಲು ಬಂದಿದ್ದ ಹೆಂಗಸು ಯಾರದೋ ಮಾತು ಕೇಳಿ ಅವನನ್ನು ಗೊತ್ತುಮಾಡಿದ್ದಳು. ಮಾರುವವನು ಯಾರೆಂದು ತಿಳಿದ ಮೇಲೆ ಕಡ್ಡಿಯೇ ಆಕೆಗೆ ಫೋನ್ ಮಾಡಿ, ಅವರು ನನಗೆ ಕೆಲಸ ಕಲಿಸಿದವರು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದಿದ್ದನಂತೆ. ‘ನಾನು ಬಿಡ್ತೀನಾ?’ ಎಂದು ಆಕೆ ಬಂದವಳೇ ಬಾಗಿಲಲ್ಲಿ ನಿಂತು ಹೇಳಿದ್ದಳು. ‘ಗುರುಗಳ ಮನೇಲಿ ಶಿಷ್ಯ ತಪ್ಪು ಹುಡುಕ್ತಾನೆ ಅಂದ್ರೆ ಅದಕ್ಕಿಂತ ಗ್ಯಾರಂಟಿ ಬೇಕಾ? ಬರ್ಲೇಬೇಕು ಅಂದೆ.’ ಆಕೆ ಬಸ್ ಕಂಡಕ್ಟರ್. ಮನೆಯೊಳಗೂ ಕಾಲು ಅಗಲಿಸಿ ನಡೆಯುತ್ತಿದ್ದಳು, ಯಾರೋ ಈಗ ಬ್ರೇಕು ಹಾಕಬಹುದು ಎಂಬಂತೆ. ‘ಹದಿನೆಂಟು ವರ್ಷ ನಿಂತ್ಕೊಂಡೇ ಅನ್ನ ದುಡಿದಿದೀನಿ ಅಕ್ಕಾ. ಕೂರೋಕೊಂದು ಮನೆ ಬೇಕು’ ಎಂದು ಅವನ ಹೆಂಡತಿಯ ಕೈ ಹಿಡಿದುಕೊಂಡಿದ್ದಳು. ಹೆಂಡತಿ ಆ ಕೈಯನ್ನು ಬಿಡಿಸಿಕೊಂಡಿರಲಿಲ್ಲ. ಈಗ ಇಬ್ಬರೂ ಕಡ್ಡಿಯ ಹಿಂದೆ ಅಡುಗೆಮನೆಯಲ್ಲಿದ್ದರು, ಏನಕ್ಕೋ ನಗುತ್ತಿದ್ದರು. ಹೆಂಡತಿ ಬೆಳಗಿನಿಂದ ಒಮ್ಮೆಯೂ ಕೆಮ್ಮಿರಲಿಲ್ಲ. ಔಷಧಿಯನ್ನು ಎರಡು ಪಟ್ಟು ಕುಡಿದಿದ್ದಳು.

ಅವನಿಗೆ ಭಯವಿದ್ದ ಗೋಡೆ ಒಳಗಿನ ಮಲಗುವ ಕೋಣೆಯ ಉತ್ತರಕ್ಕಿತ್ತು. ಆ ಕಡೆ ಪಕ್ಕದ ಮನೆಯವನ ಬಚ್ಚಲು. ಗೋಡೆಯೊಳಗೆ ಹೂತ ಅವನ ಪೈಪು ಎಲ್ಲೋ ಬಿರಿದು ನಾಲ್ಕು ವರ್ಷದಿಂದ ನೀರು ಈ ಕಡೆ ಇಳಿಯುತ್ತಿತ್ತು. ಸರಿಮಾಡಬೇಕೆಂದರೆ ಬಚ್ಚಲು ಒಡೆಯಬೇಕು. ಪಕ್ಕದವನು ಒಡೆಸುವುದಿಲ್ಲ. ‘ನನ್ನ ಬಚ್ಚಲು ಚೆನ್ನಾಗೇ ಇದೆಯಲ್ಲ? ನೆನೆದಿರೋದು ನಿಮ್ಮ ಗೋಡೆ, ನೀವು ಮಾಡಿಸ್ಕೊಳ್ಳಿ’ ಎಂದು ಹಲ್ಲುಕಡ್ಡಿ ಕಚ್ಚಿಕೊಂಡೇ ಬಾಗಿಲು ಹಾಕಿದ್ದ. ಊರವರ ಗೋಡೆಗಳಿಗೆಲ್ಲ ತೀರ್ಪು ಬರೆಯುವವನು ತನ್ನ ಗೋಡೆಯ ಮುಂದೆ ಕೈಕಟ್ಟಿ ನಿಂತ. ಮೂರು ಚಳಿಗಾಲ ಹೆಂಡತಿ ಕೆಮ್ಮಿದಳು. ‘ಔಷಧಿ ಬರೆದು ಬರೆದು ನನಗೇ ಸಾಕಾಯ್ತು, ಆ ಮನೆ ಬಿಡಿ’ ಎಂದರು ಡಾಕ್ಟರು. ಬಿಡುವುದೆಂದರೆ ಮಾರುವುದು, ಇರುವುದು ಇದೊಂದೇ, ಇದು ಕೈಬಿಡದೆ ಇನ್ನೊಂದು ಕೈಗೆ ಬರುವುದಿಲ್ಲ. ಕೊಳ್ಳಲು ಮೊದಲು ಬಂದವರನ್ನು ಅವನೇ ಆ ಕೋಣೆಗೆ ಕರೆದುಕೊಂಡು ಹೋಗಿ, ಅಂಗೈಯನ್ನು ಗೋಡೆಗೆ ಒತ್ತಿಸಿ, ಎಲ್ಲ ಹೇಳಿದ. ಅವರು ಕೈ ಒರೆಸಿಕೊಂಡು ಹೋದರು. ಎರಡನೆಯವರು ಎಲ್ಲ ಕೇಳಿ, ಟೀ ಕುಡಿದು, ‘ನಿಮ್ಮಂಥ ಪ್ರಾಮಾಣಿಕರು ಅಪರೂಪ ಸಾರ್’ ಎಂದು ಹೋದರು. ಆ ಲೋಟಗಳನ್ನು ತೊಳೆಯುತ್ತ ಹೆಂಡತಿ ತಿರುಗಿ ನೋಡದೆ ಅಂದಿದ್ದಳು: ‘ಪ್ರಾಮಾಣಿಕತೆ ನಿಮ್ಮದು. ಕೆಮ್ಮು ನಂದು.’

ಆಮೇಲಿನ ಮೂರು ವಾರ ಅವನು ತನ್ನ ಕಸುಬನ್ನು ಎಷ್ಟು ಚೆನ್ನಾಗಿ ಬಲ್ಲ ಎಂಬುದು ಅವನಿಗೇ ಗೊತ್ತಾಯಿತು. ಒಂಬತ್ತು ದಿನ ಹಗಲೂ ರಾತ್ರಿ ಫ್ಯಾನು ಮತ್ತು ಹೀಟರು ಇಟ್ಟು ಗೋಡೆ ಒಣಗಿಸಿದ. ತೇವಕ್ಕೆ ಒಸರಿದ್ದ ಬಿಳಿ ಉಪ್ಪು ಕೆರೆದು ಪುಟ್ಟಿ ಹಚ್ಚಿದ. ಒಂದೇ ಗೋಡೆಗೆ ಬಣ್ಣ ಬಳಿದರೆ ಅದು ಕೂಗಿ ಹೇಳುತ್ತದೆ. ಆದ್ದರಿಂದ ಕೋಣೆಗೆಲ್ಲ ಬಳಿಸಿದ. ಒಂದೇ ಕೋಣೆಗೆ ಬಳಿದರೂ ಕೂಗುತ್ತದೆ. ಆದ್ದರಿಂದ ಮನೆಗೆಲ್ಲ ಬಳಿಸಿದ. ಹಸಿ ಬಣ್ಣದ ವಾಸನೆ ಅನುಮಾನಕ್ಕೆ ಎಡೆಯಾದೀತೆಂದು ತಪಾಸಣೆಗೆ ಹನ್ನೊಂದು ದಿನ ಮೊದಲೇ ಮುಗಿಸಿದ. ಕೊನೆಗೆ ಮರದ ಬೀರು. ಗಾಳಿಯಾಡದಂತೆ ಒತ್ತಿ ಇಟ್ಟರೆ ಬೂಷ್ಟು ಬೇಗ ಬರುತ್ತದೆಂದು ಗೊತ್ತಿತ್ತು, ಆದರೆ ಬರುವುದು ಬೀರುವಿನ ಹಿಂದೆ. ತಪಾಸಣೆಗೆ ಬಂದವನು ಮನೆಯವರ ಸಾಮಾನು ಮುಟ್ಟಬಾರದು. ಮಾಲೀಕರು ಸರಿಸಿ ಎಂದರೆ ಸರಿಸಬೇಕು, ಇಲ್ಲವಾದರೆ ‘ಅಡ್ಡವಿದ್ದುದರಿಂದ ನೋಡಲಾಗಲಿಲ್ಲ’ ಎಂದು ಬರೆದು ಮುಂದೆ ಹೋಗಬೇಕು. ಆ ಸಾಲನ್ನು ಕೊಳ್ಳುವವರು ಯಾರೂ ಓದುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿ ಯಾಕೆ ನೋಡಲಾಗಲಿಲ್ಲ ಎಂದು ಅವನನ್ನು ಕೇಳಿರಲಿಲ್ಲ. ಬೀರುವಿನ ಒಂದು ತುದಿಯನ್ನು ಅವನು, ಇನ್ನೊಂದನ್ನು ಮೂಗಿಗೆ ಟವೆಲ್ ಕಟ್ಟಿಕೊಂಡ ಹೆಂಡತಿ ತಳ್ಳಿದ್ದರು. ಮನೆ ಮಾರುವವರ ಸಭೆಯೊಂದರಲ್ಲಿ ತಾನು ಮಾತಾಡಿದ್ದು ಆಗ ನೆನಪಿಗೆ ಬಂದಿತ್ತು. ‘ಕೊಳ್ಳೋರು ಹುಡುಕೋಕೆ ಮೊದಲು ನೀವೇ ತಪಾಸಣೆ ಮಾಡಿಸಿ, ವರದಿ ಅವರ ಮುಂದಿಡಿ. ಹೇಳಿದ ದೋಷ ಬರೀ ಚೌಕಾಸಿ, ಹೇಳದ ದೋಷ ಮೋಸ.’ ಜನ ಚಪ್ಪಾಳೆ ತಟ್ಟಿದ್ದರು. ಮುಂದಿನ ಸಾಲಿನಲ್ಲಿ ಕಡ್ಡಿಯೂ ಕೂತಿದ್ದ, ಅದನ್ನು ಬರೆದುಕೊಂಡಿದ್ದ.

‘ಸರ್, ಒಳಗಿನ ರೂಮು’ ಎಂದ ಕಡ್ಡಿ. ಅಪ್ಪಣೆ ಕೇಳುವ ದನಿಯಲ್ಲಿ. ‘ನೋಡಪ್ಪ, ನೋಡು’ ಎಂದು ಅವನು ಎದ್ದ. ಏಳಬಾರದಿತ್ತು ಎಂದು ಎದ್ದ ಮೇಲೆ ಅನ್ನಿಸಿತು. ಕಡ್ಡಿ ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಮೊದಲು ಮೂಗು, ಆಮೇಲೆ ಕಣ್ಣು: ಇದನ್ನು ಯಾರು ಹೇಳಿಕೊಟ್ಟದ್ದು ಎಂದು ಕೇಳಬೇಕಾಗಿರಲಿಲ್ಲ. ಆಮೇಲೆ ಕಿಟಕಿಯ ಚೌಕಟ್ಟು, ಚಾವಣಿಯ ಮೂಲೆಗಳು, ಮೂರು ಗೋಡೆಗಳಿಗೆ ತೇವ ಅಳೆಯುವ ಮೀಟರು. ನಾಲ್ಕನೆಯದರ ಹತ್ತಿರ ಬೀರುವಿನ ಪಕ್ಕದಲ್ಲಿ ಉಳಿದಿದ್ದ ಒಂದು ಗೇಣು ಗೋಡೆಯ ಮುಂದೆ ಮಂಡಿಯೂರಿ, ಇವರೆಲ್ಲರಿಗೆ ಬೆನ್ನು ಮಾಡಿ ಕೂತ. ಎಷ್ಟು ಹೊತ್ತು ಕೂತ ಎಂದು ಅವನಿಗೆ ತಿಳಿಯಲಿಲ್ಲ. ಕಡ್ಡಿಯ ಕುತ್ತಿಗೆಯ ಹಿಂದೆ ಕೂದಲು ಕತ್ತರಿಸಿದ ಹೊಸ ಗೆರೆ ಕಾಣುತ್ತಿತ್ತು, ಅದನ್ನೇ ನೋಡುತ್ತ ನಿಂತ. ಮಂಡಿ ಎತ್ತರದಲ್ಲಿ ಮೀಟರು ಹಿಡಿಯುವುದನ್ನೂ ತಾನೇ ಕಲಿಸಿದ್ದ. ಸೋಮಾರಿಗಳು ಎದೆ ಎತ್ತರದಲ್ಲಿ ಹಿಡಿಯುತ್ತಾರೆ, ನೀರು ಸೋಮಾರಿಯಲ್ಲ, ಕೆಳಗೆ ಇಳಿದಿರುತ್ತದೆ ಎಂದು.

‘ಒಳ್ಳೆ ಕತ್ತಲೆ ರೂಮು’ ಎಂದಳು ಕಂಡಕ್ಟರಮ್ಮ. ‘ಬೆಳಗ್ಗೆ ನಾಲ್ಕಕ್ಕೆ ಡ್ಯೂಟಿ ಹತ್ತೋಳು ನಾನು. ಮಧ್ಯಾಹ್ನ ಮಲಗೋಕೆ ಇಂಥದ್ದೇ ಬೇಕು. ಇದು ನಂದು, ಹೇಳಿಬಿಟ್ಟೆ.’ ಆಮೇಲೆ ಬೀರುವಿನ ಬಾಗಿಲ ಮೇಲೆ ಕೈಯಾಡಿಸಿದಳು. ‘ಅಬ್ಬಾ, ಏನು ಮರ! ಇದನ್ನ ಮೇಲಕ್ಕೆ ಹೊತ್ಕೊಂಡು ಬಂದೋರು ಪುಣ್ಯಾತ್ಮರು. ಇಳಿಸೋರು ಯಾರು ಅಕ್ಕಾ? ಸುಮ್ನೆ ನಂಗೇ ಬಿಟ್ಟು ಹೋಗಿ.’

‘ಬಿಟ್ಟೇ ಹೋಗ್ತೀವಿ’ ಎಂದಳು ಹೆಂಡತಿ, ಒಂದು ಕ್ಷಣವೂ ತಡೆಯದೆ. ‘ಆ ಗೋಡೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಅಲ್ಲೇ ಇರ್ಲಿ.’

ಅವನು ಹೆಂಡತಿಯ ಮುಖ ನೋಡಿದ. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಬೀರು ಅದು. ಅದರ ಮೇಲೆ ಒಂದು ಗೀಟು ಬಿದ್ದರೆ ವಾರಗಟ್ಟಲೆ ಮಾತು ಬಿಡುತ್ತಿದ್ದವಳು. ಈಗ ಕೆನ್ನೆ ಕೆಂಪಾಗಿ, ಕಣ್ಣು ಹೊಳೆದು, ಮೂರು ವರ್ಷದಲ್ಲಿ ಅವನು ನೋಡಿರದ ನಗೆ ನಗುತ್ತಿದ್ದಳು. ಸುಳ್ಳು ಹೇಳುವಾಗ ಇಷ್ಟು ಆರೋಗ್ಯವಾಗಿ ಕಾಣುತ್ತಾಳಲ್ಲ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಯಿತು, ಯಾಕೆಂದರೆ ಸುಳ್ಳನ್ನು ಕಟ್ಟಿ, ಪುಟ್ಟಿ ಹಚ್ಚಿ, ಬಣ್ಣ ಬಳಿದವನು ತಾನು; ಅವಳು ಅದರೊಳಗೆ ವಾಸಕ್ಕೆ ಬಂದಿದ್ದಳು ಅಷ್ಟೆ.

‘ಸರ್, ನಿಮ್ಮನ್ನೇ ಕೇಳ್ತೀನಿ’ ಎಂದು ಕಂಡಕ್ಟರಮ್ಮ ಅವನ ಕಡೆ ತಿರುಗಿದಳು. ‘ನೀವೇ ಈ ಮನೆ ತಪಾಸಣೆಗೆ ಬಂದಿದ್ರೆ ಏನು ಬರೀತಿದ್ರಿ? ಸುಳ್ಳು ಹೇಳ್ಬೇಡಿ ಮತ್ತೆ.’

ಬಾಯಿ ತಾನಾಗಿ ತೆರೆದುಕೊಂಡಿತು. ‘ಅಡುಗೆಮನೆ ಬಾಗಿಲ ಹತ್ರ ಎರಡು ಟೈಲ್ಸ್ ಟೊಳ್ಳು. ನಡುಮನೆ ಸ್ವಿಚ್ ಬೋರ್ಡಿಗೆ ಅರ್ಥ್ ವೈರ್ ಇಲ್ಲ, ಹಾಕಿಸ್ಲೇಬೇಕು. ಬಚ್ಚಲ ನೆಲಕ್ಕೆ ಮೋರಿ ಕಡೆ ಇಳಿಜಾರಿಲ್ಲ, ಮೂಲೇಲಿ ನೀರು ನಿಲ್ಲುತ್ತೆ.’ ಕಂಡಕ್ಟರಮ್ಮನ ಹುಬ್ಬು ಮೇಲೇರಿತು. ಅವನಿಗೆ ನಿಲ್ಲಿಸಲಾಗಲಿಲ್ಲ. ಬಾಲ್ಕನಿಯ ಕಂಬಿ ಬುಡದಲ್ಲಿ ತುಕ್ಕು ಹಿಡಿದಿದೆ ಎಂದ. ಮುಂಬಾಗಿಲ ಮೇಲಿನ ಕೀಲು ಸಡಿಲ ಎಂದ. ನೀರಿನ ಟ್ಯಾಂಕಿನ ಮುಚ್ಚಳ ಸೀಳಿದೆ, ಬೇಸಿಗೆಯಲ್ಲಿ ಈ ಮೂರನೇ ಮಹಡಿಗೆ ನೀರು ಹತ್ತಲು ಒದ್ದಾಡುತ್ತದೆ, ಕಿಟಕಿಯ ಸಜ್ಜದಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಭಯವಿಲ್ಲ ಆದರೆ ಗಮನದಲ್ಲಿರಲಿ ಎಂದ. ಇಪ್ಪತ್ತೆರಡು ವರ್ಷದ ಅಭ್ಯಾಸದ ಸುಖ ಅವನ ನಾಲಿಗೆಗೆ ಹತ್ತಿತ್ತು. ಒಂದೊಂದು ಸಣ್ಣ ನಿಜವನ್ನೂ ತಂದು ಆ ಬೀರುವಿನ ಮುಂದೆ ಪೇರಿಸುತ್ತಿದ್ದೇನೆ ಎಂದು ಗೊತ್ತಿದ್ದೂ ಪೇರಿಸಿದ. ‘ಅಯ್ಯಪ್ಪಾ’ ಎಂದಳು ಕಂಡಕ್ಟರಮ್ಮ. ‘ಮನೆ ಮಾರೋರು ಹೀಗೆ ಮಾತಾಡೋದು ನಾನು ಕೇಳೇ ಇಲ್ಲ. ಮುಗೀತು ಅಕ್ಕಾ, ನಂಗೆ ಈ ಮನೆ ಸಾಕು.’ ಕಡ್ಡಿ ಅದ್ಯಾವುದನ್ನೂ ಬರೆದುಕೊಂಡಿರಲಿಲ್ಲ. ಪೆನ್ನಿನ ಟೋಪಿ ಹಾಕಿದ ಸದ್ದು ಮಾತ್ರ ಕೇಳಿತು.

‘ಬಾಲ್ಕನಿ ಕಂಬಿ ಒಂದು ನೋಡಿಬಿಡ್ತೀನಿ. ಸರ್, ನೀವೂ ಬರ್ತೀರಾ?’ ಇಬ್ಬರೂ ಹೊರಗೆ ಬಂದು ನಿಂತರು. ಕಡ್ಡಿ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡ. ಕೆಳಗೆ ರಸ್ತೆಯಲ್ಲಿ ಒಬ್ಬ ಸ್ಕೂಟರು ತೊಳೆಯುತ್ತಿದ್ದ. ಚಕ್ರಕ್ಕೆ ನೀರೆರಚಿ, ದೂರ ನಿಂತು ನೋಡಿ, ಮತ್ತೆ ಎರಚುತ್ತಿದ್ದ. ಕಡ್ಡಿ ಕಂಬಿ ಮುಟ್ಟಲಿಲ್ಲ.

‘ಇಪ್ಪತ್ತಾರು ತೋರಿಸ್ತು ಸರ್.’

ಯಾವುದು ಎಂದು ಅವನು ಕೇಳಲಿಲ್ಲ.

‘ಬೇರೆ ಗೋಡೆಗಳೆಲ್ಲ ಹತ್ತು, ಹನ್ನೊಂದು. ಬೀರು ಪಕ್ಕ ಇಪ್ಪತ್ತಾರು. ಹಿಂದೆ ಎಷ್ಟಿದೆಯೋ.’ ಕಡ್ಡಿ ಸ್ಕೂಟರಿನವನನ್ನೇ ನೋಡುತ್ತಿದ್ದ. ‘ಏನು ಬರೀಲಿ?’

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಕಡ್ಡಿ ಯಾವುದೋ ಮನೆಯ ಅಟ್ಟದ ಬಗ್ಗೆ ‘ನೋಡಲಾಗಲಿಲ್ಲ’ ಎಂದು ಬರೆದುತಂದಿದ್ದ. ಏಣಿ ಅಲ್ಲೇ ಇತ್ತಂತೆ, ಹತ್ತಲು ಬೇಸರವಾಗಿತ್ತಂತೆ. ಕಚೇರಿಯ ಎಲ್ಲರ ಮುಂದೆ ಅವನು ಆ ಹಾಳೆಯನ್ನು ಹರಿದು, ‘ನೋಡಲಾಗಲಿಲ್ಲ ಅನ್ನೋದು ಮನೆ ಬಗ್ಗೆ ಬರೆಯೋ ಮಾತಲ್ಲ, ನಿನ್ನ ಬಗ್ಗೆ ಬರೆಯೋ ಮಾತು’ ಎಂದು, ಊರಿನ ಆ ತುದಿಗೆ ವಾಪಸು ಕಳಿಸಿದ್ದ. ಕಡ್ಡಿ ಹರಿದ ಚೂರುಗಳನ್ನು ಆರಿಸಿಕೊಂಡು ಹೋಗಿದ್ದ. ಅಂದು ಸಂಜೆ ತಾನು ಬಹಳ ಒಳ್ಳೆಯ ಗುರು ಎಂದು ಅವನಿಗೆ ಅನ್ನಿಸಿತ್ತು. ಹೆಂಡತಿಗೂ ಹೇಳಿ ನಕ್ಕಿದ್ದ. ಈಗ ಪಕ್ಕದಲ್ಲಿ ನಿಂತಿರುವವನು ಆ ದಿನವನ್ನು ಮರೆತು ಭಿಕ್ಷೆ ಹಾಕುತ್ತಿದ್ದಾನೋ, ಮರೆಯದೆ ಸೇಡು ತೀರಿಸಿಕೊಳ್ಳುತ್ತಿದ್ದಾನೋ? ಮುಖದಲ್ಲಿ ಎರಡಕ್ಕೂ ಗುರುತಿರಲಿಲ್ಲ. ಬರೀ ಕಾಯುತ್ತಿತ್ತು ಆ ಮುಖ.

‘ನೀನು ಕಂಡದ್ದು ಬರಿ’ ಎಂದ ಅವನು.

‘ನಂಗೆ ಬೀರು ಕಾಣಿಸ್ತು ಸರ್.’ ಕಡ್ಡಿ ಈಗ ಅವನ ಕಡೆ ತಿರುಗಿದ. ‘ಸರಿಸು ಅಂತ ಮಾಲೀಕರು ಹೇಳಿದ್ರೆ ಸರಿಸ್ತೀನಿ. ಹೇಳದೆ ಮುಟ್ಟೋ ಹಾಗಿಲ್ಲವಲ್ಲ.’

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಕಡ್ಡಿ ಒಂದು ಸಾಲು ಬರೆಯುತ್ತಾನೆ, ಕಂಡಕ್ಟರಮ್ಮ ಅದನ್ನು ಓದುವುದಿಲ್ಲ, ತಿಂಗಳೊಳಗೆ ಹೆಂಡತಿ ಬೇರೊಂದು ಮನೆಯ ಒಣಗಿದ ಗೋಡೆಗಳ ನಡುವೆ ಮಲಗಿರುತ್ತಾಳೆ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಬೀರುವಿನ ಬೀಗದ ಕೈ ಎರಡಿವೆ, ಒಂದು ಬಿಗಿ ಎಂದು ಹೇಳುತ್ತಿದ್ದಳು. ಕಂಡಕ್ಟರಮ್ಮ ಮಧ್ಯಾಹ್ನದ ಕತ್ತಲೆಯಲ್ಲಿ ಆ ಗೋಡೆಯ ಪಕ್ಕ ಮಲಗುವುದನ್ನು ಅವನು ಕಲ್ಪಿಸಿಕೊಳ್ಳಲು ನೋಡಿದ, ಕರುಣೆ ಹುಟ್ಟಲೆಂದು. ಹುಟ್ಟಲಿಲ್ಲ. ಹುಟ್ಟಿದ್ದು ಬೇರೆ. ಇನ್ನು ಮುಂದೆ ಎಲ್ಲಿ ಎದುರಾದರೂ ಕಡ್ಡಿ ಅವನನ್ನು ಸರ್ ಎಂದೇ ಕರೆಯುತ್ತಾನೆ, ಹಾಗೆ ಕರೆಯುವಾಗಲೆಲ್ಲ ಅವನು ತಲೆತಗ್ಗಿಸಬೇಕಾಗುತ್ತದೆ. ಅವನಿಗೆ ತಡೆಯಲಾಗದೆ ಹೋದದ್ದು ಅಷ್ಟೆ. ಬಾಗಿಲು ತಳ್ಳಿಕೊಂಡು ಒಳಗೆ ಹೋದ. ತನ್ನ ಕಿವಿಗೇ ಗಡುಸಾಗಿ ಕೇಳುವ ದನಿಯಲ್ಲಿ, ಹಿಂದೆ ಬಂದ ಕಡ್ಡಿಗೆ ‘ಬೀರು ಸರಿಸು’ ಎಂದ.

ಹೆಂಡತಿಯ ಕೈಯಲ್ಲಿ ಬೀಗದ ಕೈ ಇತ್ತು. ‘ಯಾಕ್ರೀ?’ ಎಂದಳು, ಇನ್ನೂ ನಗುಮುಖದಲ್ಲೇ. ಅವನು ಒಂದು ತುದಿ ಹಿಡಿದ, ಕಡ್ಡಿ ಇನ್ನೊಂದು. ತುಂಬಿದ ಬೀರು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ನೆಲಕ್ಕೆ ಕರಕರ ಉಜ್ಜಿಕೊಂಡು ಒಂದು ಮೊಳ ಮುಂದೆ ಬಂತು. ಬಣ್ಣ ಬಳಿದು ಹನ್ನೊಂದೇ ದಿನ. ಮಂಡಿಯ ಎತ್ತರಕ್ಕೆ ಬಣ್ಣ ಬೊಕ್ಕೆಯಂತೆ ಉಬ್ಬಿತ್ತು, ಅದರ ಸುತ್ತ ಕಪ್ಪು ಚುಕ್ಕೆಗಳು, ಒಂದೆಡೆ ಪುಟ್ಟಿ ಒದ್ದೆ ಹಿಟ್ಟಿನಂತೆ ಜಾರಿ ನೆಲದ ಮೇಲೆ ಕೂತಿತ್ತು. ವಾಸನೆ ಹೊರಗೆ ಬಂದು ಎಲ್ಲರ ನಡುವೆ ನಿಂತಿತು. ಕಂಡಕ್ಟರಮ್ಮ ಬೀರುವಿನ ಸಂದಿಗೆ ಕೈ ತೂರಿಸಿ, ಗೋಡೆ ಮುಟ್ಟಿ, ಬೆರಳು ಮೂಸಿದಳು.

‘ನಿಮಗೆ ಗೊತ್ತಿತ್ತಾ ಇದು?’

‘ಗೊತ್ತಿತ್ತು.’ ಪಕ್ಕದವನ ಬಚ್ಚಲು, ಬಿರಿದ ಪೈಪು, ನಾಲ್ಕು ವರ್ಷದ ಜಗಳ, ಅವನು ತಡವರಿಸುತ್ತ ಹೇಳಿದ. ಹೇಳುವಾಗ ದೋಷಗಳ ಪಟ್ಟಿ ಕೊಟ್ಟ ನಾಲಿಗೆ ಇದೇನಾ ಅನ್ನಿಸಿತು.

‘ಅಕ್ಕಂಗೂ ಗೊತ್ತಿತ್ತಾ?’ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

‘ಸರಿಸು ಅಂದಿದ್ದು ಸರ್ರೇ, ಮೇಡಮ್’ ಎಂದ ಕಡ್ಡಿ.

‘ಹೌದಪ್ಪ’ ಎಂದಳು ಆಕೆ. ‘ಚೆಕಿಂಗ್‌ನೋರು ಬಸ್ ಹತ್ತಿದ ಮೇಲೆ ಎಲ್ಲರೂ ಟಿಕೆಟ್ ಕೇಳ್ತಾರೆ.’ ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡಳು. ಸಿಟ್ಟಿರಲಿಲ್ಲ ಅವಳಿಗೆ, ಅದು ಅವನಿಗೆ ಹೆಚ್ಚು ಕಷ್ಟವಾಯಿತು. ‘ಗೋಡೆ ಹೀಗಿದೆ ಅಂತ ಬಾಗಿಲಲ್ಲೇ ಹೇಳಿದ್ರೆ ನಾನೇ ಆ ಪಕ್ಕದೋನ ಹತ್ರ ಜಗಳಕ್ಕೆ ಹೋಗ್ತಿದ್ದೆ ಸರ್. ದಿನಾ ಐನೂರು ಜನರ ಹತ್ರ ಜಗಳ ಆಡೋಳಿಗೆ ಅವನೊಬ್ಬ ಹೆಚ್ಚಾ? ಮನೆ ಬಿಡ್ತಿರ್ಲಿಲ್ಲ. ಈಗ ಉಳಿದ ಗೋಡೆಗಳಲ್ಲಿ ಯಾವುದನ್ನ ನಂಬ್ಲಿ, ಹೇಳಿ. ನೀವು ಅಷ್ಟು ಚೆನ್ನಾಗಿ ಹೇಳಿದ್ರಲ್ಲ ಟೈಲ್ಸು, ಮುಚ್ಚಳ ಅಂತ, ಅದೆಲ್ಲ ಈಗ ಏನು?’

ನಿಜವಾಗಿಯೂ ಕೊಳ್ಳುತ್ತಿದ್ದಳೋ, ಮೊದಲು ಬಂದವರಂತೆ ಕೈ ಒರೆಸಿಕೊಂಡು ಹೋಗುತ್ತಿದ್ದಳೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆಕೆ ಕಾಲು ಅಗಲಿಸಿ ನಡೆಯುತ್ತ ಹೋದಳು. ಹೋಗುವಾಗ ಕಡ್ಡಿಗೆ ‘ಬದುಕಿಸಿದೆ ತಮ್ಮಾ’ ಎಂದದ್ದು ಮೆಟ್ಟಿಲಿನಿಂದ ಕೇಳಿತು. ಕಡ್ಡಿ ಮೀಟರನ್ನು ಚೀಲಕ್ಕೆ ಹಾಕಿ, ಚೀಲದ ಜಿಪ್ಪು ಎಳೆದು, ಅವನ ಮುಂದೆ ಒಂದು ಕ್ಷಣ ನಿಂತ. ಏನಾದರೂ ಹೇಳುತ್ತಾನೆ ಎಂದು ಅವನು ಕಾದ. ಹೇಳಿದರೆ ಅದನ್ನು ಜೀವಮಾನವೆಲ್ಲ ಇಟ್ಟುಕೊಳ್ಳಬಹುದಿತ್ತು. ‘ಬರ್ತೀನಿ ಸರ್’ ಎಂದ ಕಡ್ಡಿ. ಎಲ್ಲ ಮನೆಗಳಿಂದ ಹೊರಡುವಾಗ ಎಲ್ಲ ಮಾಲೀಕರಿಗೆ ಹೇಳುವ ದನಿ ಅದು. ಅದನ್ನೂ ಅವನೇ ಕಲಿಸಿದ್ದ.

ಕೋಣೆಗೆ ಹಿಂತಿರುಗಿದಾಗ ಹೆಂಡತಿ ಮಂಚದ ತುದಿಯಲ್ಲಿ ಕೂತಿದ್ದಳು. ‘ಅವಳಿಗೋಸ್ಕರ ಹೇಳಿದ್ರಾ?’ ಎಂದು ಕೇಳಿದಳು. ಹೌದು ಎನ್ನಬಹುದಿತ್ತು. ಅವನು ಗೋಡೆ ನೋಡಿದ. ‘ನಂಗೋಸ್ಕರ ಅಂತೂ ಅಲ್ಲ’ ಎಂದಳು. ಅಲ್ಲಿಗೆ ಔಷಧಿಯ ಬಲ ಮುಗಿದಿತ್ತು. ಬೆಳಗಿನಿಂದ ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೆ ಬಂತು, ಅವಳನ್ನು ಮುಂದಕ್ಕೆ ಬಗ್ಗಿಸಿತು, ಬಿಡಲಿಲ್ಲ. ಅವನು ನೀರು ತಂದು ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಲೋಟ ಹಿಡಿದೇ ನಿಂತ, ಎಲ್ಲಿಡಬೇಕೆಂದು ತಿಳಿಯದೆ. ಕೊನೆಗೆ ಅವಳು ಎದ್ದು ಮಂಚದ ಕಂಬಿಯ ಮೇಲಿದ್ದ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡಳು. ಬೀರುವಿನ ಆ ತುದಿಗೆ ಹೋಗಿ ಎರಡೂ ಅಂಗೈ ಊರಿದಳು.

‘ಬನ್ನಿ, ಹಿಡೀರಿ’ ಎಂದಳು ಟವೆಲ್ಲಿನೊಳಗಿಂದ. ‘ಹೀಗೇ ಬಿಟ್ರೆ ಇವತ್ತು ಇಲ್ಲಿ ಮಲಗೋಕಾಗಲ್ಲ.’

ಅವನು ಲೋಟವನ್ನು ಕಿಟಕಿಯಲ್ಲಿಟ್ಟು ತನ್ನ ತುದಿಗೆ ಹೋಗಿ ನಿಂತ. ಅವಳು ಒಂದು, ಎರಡು ಎಂದು ಎಣಿಸಿದಳು. ಮೂರು ಅನ್ನುವುದರೊಳಗೆ ಇಬ್ಬರೂ ತಳ್ಳಿದ್ದರು.